ದಾಳ ಉರುಳಿಸಿ ದೇವರನ್ನು ಕೇಳಬಹುದೇ?

ರಜೆಯಲ್ಲಿ ಅಕ್ಕಲಕೋಟೆಯ ಗೆಳೆಯರು ಸೊಲ್ಲಾಪುರಕ್ಕೆ ಬಂದಾಗ ನಾವೆಲ್ಲ ಸೇರಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಡಿದೆವು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟವಿದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ, ದಾಳ ಉರುಳಿಸುತ್ತ ಸಾಗಬೇಕು. ಇದರಲ್ಲಿ 'ಕ್ಲೆರಿಕ್' ಎಂಬ ಯಾಜಕನಿಗೆ 'ಆಗ್ಯುರಿ' ಎಂಬ ಮಂತ್ರವಿದೆ. ಇನ್ನರ್ಧ ಗಂಟೆಯೊಳಗೆ ಮಾಡಲಿರುವ ಕೆಲಸದ ಬಗ್ಗೆ ಕೇಳಿದರೆ ಶುಭ, ಅಶುಭ, ಎರಡೂ, ಅಥವಾ ಎರಡೂ ಅಲ್ಲ ಎಂಬ ಉತ್ತರ ಸಿಗುತ್ತದೆ.

ನೋಡುತ್ತ ಕುಳಿತಿದ್ದ ಅಜ್ಜಿ ಕೇಳಿದರು: "ಇದು ಕಣಿ ಕೇಳೂದು ಅಲ್ಲೇನು? ನಮ್ಮವರು ಹಿಂಗ ಮಾಡಬಹುದೇನು?"

ಪ್ರಶ್ನೆ ಸರಿಯಾದದ್ದೇ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಹೇಳುವುದನ್ನು ನಿಷೇಧಿಸುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2116ನೇ ಪರಿಚ್ಛೇದದಲ್ಲಿ ಅದನ್ನೇ ಹೇಳುತ್ತದೆ. ಆದರೆ ಆಟದಲ್ಲಿ ನಾವು ಯಾವ ಶಕ್ತಿಯನ್ನೂ ಕರೆಯುವುದಿಲ್ಲ. ಅದು ಕಥೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಚಿಂತೆ ಬೇರೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕರುವಿನ ಮುಂದೆ ಧಾನ್ಯವಿಟ್ಟು ವರ್ಷದ ಭವಿಷ್ಯ ನೋಡುತ್ತಾರೆ. ಮಳೆ ನೆಚ್ಚಿ ಜೋಳ ಬಿತ್ತುವ ಸೀಮೆಯಲ್ಲಿ ನಾಳೆಯ ಭಯ ಯಾರಿಗಿಲ್ಲ? ಅವರತ್ತ ಬೆರಳು ತೋರಿಸುವ ಮೊದಲು ನಮ್ಮನ್ನೇ ನೋಡಿಕೊಳ್ಳೋಣ. ನಮ್ಮ ಗುಂಪಿನ ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ತಂದೆಗೆ ಕಾಯಿಲೆ. ಅವನು ಕಣ್ಣು ಮುಚ್ಚಿ ಬೈಬಲ್ ತೆರೆದು ವಚನಕ್ಕೆ ಬೆರಳಿಟ್ಟ. ಮನಸ್ಸಿಗೆ ಒಪ್ಪಲಿಲ್ಲ, ಮತ್ತೆ ತೆರೆದ. ಮೂರನೇ ಸಲ 'ಹೋಗು' ಎಂಬ ಮಾತು ಸಿಕ್ಕಿತು.

ಆ ಮಂತ್ರಕ್ಕೂ ಒಂದು ನಿಯಮವಿದೆ. ಯಾಜಕ ಪೂರ್ತಿ ವಿಶ್ರಾಂತಿ ಪಡೆಯದೆ ಎರಡನೇ ಸಲ ಕೇಳಿದರೆ ಉತ್ತರವೇ ಸಿಗದಿರುವ ಸಾಧ್ಯತೆ ಶೇಕಡಾ 25, ಮೂರನೇ ಸಲ ಶೇಕಡಾ 50. ಬೇಕಾದ ಉತ್ತರ ಬರುವವರೆಗೂ ಕೇಳುವುದನ್ನು ಆಟವೇ ಒಪ್ಪುವುದಿಲ್ಲ!

ಇಸ್ರಯೇಲಿನ ಯಾಜಕನ ಎದೆಪದಕದಲ್ಲಿ ಊರೀಮ್, ತುಮ್ಮೀಮ್ ಇದ್ದವು ನಿಜ. ಆದರೆ ಅರಸ ಸೌಲ ಕೇಳಿದಾಗ ದೇವರು ಅವುಗಳಿಂದಲೂ ಉತ್ತರಿಸಲಿಲ್ಲ. ಆ ಮೌನವನ್ನು ತಾಳಲಾರದೆ ಅವನು ಏಂದೋರಿನ ಕಣಿಗಾರ್ತಿಯ ಮನೆಗೆ ಹೋದ. ಪ್ರೇಷಿತರೂ ಚೀಟಿ ಹಾಕಿ ಮತ್ತೀಯನನ್ನು ಆರಿಸಿದರು. ಆದರೆ ಮೊದಲು ಯೋಗ್ಯರಾದ ಇಬ್ಬರನ್ನು ಗುರುತಿಸಿ, ಪ್ರಾರ್ಥಿಸಿ. ಪವಿತ್ರಾತ್ಮರು ಇಳಿದುಬಂದ ಮೇಲೆ ಅವರು ಚೀಟಿ ಹಾಕಿದ ಸುದ್ದಿಯೇ ಇಲ್ಲ. ಜೆರುಸಲೇಮಿನಲ್ಲಿ ದೊಡ್ಡ ವಿವಾದ ಎದ್ದಾಗ ಕೂಡಿ ಕುಳಿತು ಚರ್ಚಿಸಿ ತೀರ್ಮಾನಿಸಿದರು.

ಆದ್ದರಿಂದ ಗೆಳೆಯರೇ, ಆಟ ಆಡೋಣ, ಆದರೆ ಬೈಬಲನ್ನು ದಾಳ ಮಾಡುವುದು ಬೇಡ. ಒಂದು ವಚನ ಹೆಕ್ಕುವ ಬದಲು ಇಡೀ ಅಧ್ಯಾಯ ಓದೋಣ. ಗುರುಗಳೊಡನೆ ಮಾತಾಡೋಣ. ನಮ್ಮ ತೀರ್ಮಾನದಿಂದ ಯಾರ ಬದುಕು ಬದಲಾಗುತ್ತದೋ ಅವರನ್ನೂ ಕೇಳೋಣ. ನಮ್ಮ ಗೆಳೆಯ ಮೂರು ಸಲ ಪುಟ ತೆರೆದಿದ್ದ. ಪಕ್ಕದ ಕೋಣೆಯಲ್ಲಿದ್ದ ಅಪ್ಪನನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.