ಗುಲ್ಬರ್ಗ ಮಿಸ್ಟಿಕ್ಸ್‌ಗೆ ಬೇಕಾಗಿರುವುದು ಇನ್ನೊಬ್ಬ ಸ್ಟಾರ್ ಅಲ್ಲ

ನಮ್ಮ ಕಾಲೇಜಿನಲ್ಲಿ ಯಾರನ್ನೇ 'ನಿನ್ನ ತಂಡ ಯಾವುದು' ಎಂದು ಕೇಳಿ. ಹತ್ತರಲ್ಲಿ ಎಂಟು ಜನ ಆರ್‌ಸಿಬಿ ಎನ್ನುತ್ತಾರೆ. ಹೈದರಾಬಾದ್ ಹತ್ತಿರವಿರುವುದರಿಂದ ಒಬ್ಬಿಬ್ಬರು ಸನ್‌ರೈಸರ್ಸ್ ಎನ್ನಬಹುದು. ಆದರೆ ನಮ್ಮ ಭಾಗದ ಹೆಸರನ್ನೇ ಇಟ್ಟುಕೊಂಡ ತಂಡವೊಂದಿದೆ. ಅದರ ಐದು ಆಟಗಾರರ ಹೆಸರು ಹೇಳು ಎಂದರೆ ಕ್ಲಾಸಿಗೆ ಕ್ಲಾಸೇ ಸುಮ್ಮನಾಗುತ್ತದೆ. ಆ ತಂಡ ಗುಲ್ಬರ್ಗ ಮಿಸ್ಟಿಕ್ಸ್. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಮಹಾರಾಜ ಟ್ರೋಫಿ ಟಿ20ಯಲ್ಲಿ ಆಡುವ ಆರು ತಂಡಗಳಲ್ಲಿ ಅದೂ ಒಂದು. ಉಳಿದ ಐದು ತಂಡಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಮತ್ತು ಶಿವಮೊಗ್ಗದವು.

ಹರಾಜು, ಟ್ರೇಡ್, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ವಾದಗಳು ನಮ್ಮ ಹಾಸ್ಟೆಲ್‌ನಲ್ಲಿ ರಸಾಯನಶಾಸ್ತ್ರಕ್ಕಿಂತ ಹೆಚ್ಚು ನಡೆಯುತ್ತವೆ. ಅದೇ ವಾದವನ್ನು ಈ ಬಾರಿ ನಮ್ಮದೇ ತಂಡದ ಬಗ್ಗೆ ಮಾಡಬೇಕು ಎಂಬುದು ನನ್ನ ಆಸೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಗುಲ್ಬರ್ಗ ತಂಡಕ್ಕೆ ಬೆಂಗಳೂರಿನಿಂದ ಇನ್ನೊಬ್ಬ ದೊಡ್ಡ ಬ್ಯಾಟ್ಸ್‌ಮನ್ ತರುವುದು ಪರಿಹಾರವಲ್ಲ. ಬೀದರ್, ಭಾಲ್ಕಿ, ಔರಾದ್‌ನಂಥ ಊರುಗಳಿಂದ ಬೌಲರ್‌ಗಳನ್ನು ಹುಡುಕಿ ಬೆಳೆಸುವುದು ಪರಿಹಾರ.

ಕಪ್ ಬಂತು, ನಾಯಕ ಹೋದ

ಮಹಾರಾಜ ಟ್ರೋಫಿ ಶುರುವಾದದ್ದು 2022ರಲ್ಲಿ. ಮೊದಲ ವರ್ಷವೇ ಕಪ್ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ಮನೀಶ್ ಪಾಂಡೆ ನಾಯಕ, ದೇವದತ್ತ ಪಡಿಕ್ಕಲ್ ತಂಡದಲ್ಲಿ. ಫೈನಲ್‌ನಲ್ಲಿ ಸೋಲಿಸಿದ್ದು ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು, ಅದೂ ಅವರದೇ ಚಿನ್ನಸ್ವಾಮಿ ಮೈದಾನದಲ್ಲಿ. ಮರುವರ್ಷ ಮನೀಶ್ ಪಾಂಡೆ ಹುಬ್ಬಳ್ಳಿ ಟೈಗರ್ಸ್‌ಗೆ ಹೋದರು, 2023ರ ಕಪ್ ಕೂಡ ಅವರ ಹಿಂದೆಯೇ ಹುಬ್ಬಳ್ಳಿಗೆ ಹೋಯಿತು. 2024ರಲ್ಲಿ ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್, 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್ ಗೆದ್ದರು. ಪಡಿಕ್ಕಲ್ 2025ರ ಹರಾಜಿನಲ್ಲಿ 13.20 ಲಕ್ಷ ರೂಪಾಯಿಗೆ ಹುಬ್ಬಳ್ಳಿ ಪಾಲಾದರು. ಆ ಹರಾಜಿನಲ್ಲಿ ಅದೇ ಅತಿ ದೊಡ್ಡ ಮೊತ್ತ.

ಸ್ಟಾರ್ ಆಟಗಾರ ಬಾಡಿಗೆ ಮನೆಯವನಿದ್ದಂತೆ. ಒಳ್ಳೆಯವನೇ, ಬಾಡಿಗೆಯನ್ನೂ ಸರಿಯಾಗಿ ಕೊಡುತ್ತಾನೆ, ಆದರೆ ಇನ್ನೊಂದು ಊರಲ್ಲಿ ಹೆಚ್ಚಿನ ಸಂಬಳ ಸಿಕ್ಕರೆ ಸಾಮಾನು ಕಟ್ಟುತ್ತಾನೆ. ಅದು ಅವನ ತಪ್ಪಲ್ಲ. ಮನೆ ಕಟ್ಟಿಸುವುದು ನಮ್ಮ ಕೆಲಸ.

ಸಿರಾಜ್‌ನನ್ನು ಬಿಟ್ಟದ್ದು ತಪ್ಪೇ?

ಆಟಗಾರನನ್ನು ಬಿಡುವ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಸಿರಾಜ್ ಕು ಕಾಯ್ಕು ಛೋಡೆ ರೇ?' ಮೊಹಮ್ಮದ್ ಸಿರಾಜ್ ಹೈದರಾಬಾದಿನವನು. ಬೀದರಿನಿಂದ ನೋಡಿದರೆ ಬೆಂಗಳೂರಿನ ಯಾವ ಆಟಗಾರನಿಗಿಂತಲೂ ನಮಗೆ ಹತ್ತಿರದವನು. ಆಟೋ ಓಡಿಸುತ್ತಿದ್ದ ತಂದೆಯ ಮಗ. ಟೆನಿಸ್ ಚೆಂಡಿನಲ್ಲಿ ಆಡುತ್ತಾ ಬೆಳೆದವನು. 2020ರ ನವೆಂಬರ್‌ನಲ್ಲಿ ತಂದೆ ತೀರಿಕೊಂಡಾಗ ಆಸ್ಟ್ರೇಲಿಯಾದಲ್ಲಿಯೇ ಉಳಿದು, ಎರಡೇ ತಿಂಗಳಲ್ಲಿ ಬ್ರಿಸ್ಬೇನ್‌ನ ಗಾಬಾದಲ್ಲಿ ಐದು ವಿಕೆಟ್ ತೆಗೆದವನು. 2018ರಿಂದ ಏಳು ಸೀಸನ್ ಆರ್‌ಸಿಬಿಗೆ ಆಡಿದ ಅವನನ್ನು ತಂಡ ಉಳಿಸಿಕೊಳ್ಳಲಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ಗುಜರಾತ್ ಟೈಟನ್ಸ್ 12.25 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 2ರಂದು ಅವನು ಚಿನ್ನಸ್ವಾಮಿಗೆ ಬಂದು ಆರ್‌ಸಿಬಿಯದೇ ಮೂರು ವಿಕೆಟ್ ಕಿತ್ತಾಗ, ನಮ್ಮ ಹಾಸ್ಟೆಲ್‌ನ ಅರ್ಧ ಜನ ಅತ್ತರೋ ನಕ್ಕರೋ ತಿಳಿಯಲಿಲ್ಲ.

ಆದರೂ ಲೆಕ್ಕ ಹಾಕಿ ನೋಡಿ. ಆರ್‌ಸಿಬಿ ಆ ಹಣವನ್ನು ಹಂಚಿತು. ಹೊಸ ಚೆಂಡಿಗೆ ಭುವನೇಶ್ವರ್ ಕುಮಾರ್, ವೇಗಕ್ಕೆ ಜೋಶ್ ಹ್ಯಾಜಲ್‌ವುಡ್, ಮಧ್ಯದ ಓವರ್‌ಗಳಿಗೆ 5.75 ಕೋಟಿಗೆ ಕೃಣಾಲ್ ಪಾಂಡ್ಯ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ ಆರು ರನ್‌ಗಳಿಂದ ಗೆದ್ದು, ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಕಪ್ ಎತ್ತಿದಾಗ ಪಂದ್ಯಶ್ರೇಷ್ಠನಾದವನು ಕೃಣಾಲ್. ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್! ಸಿರಾಜ್‌ಗೂ ನಷ್ಟವಾಗಲಿಲ್ಲ. ಆಗಸ್ಟ್ 4ರಂದು ಓವಲ್ ಟೆಸ್ಟ್‌ನ ಕೊನೆಯ ದಿನ ಇಂಗ್ಲೆಂಡ್ ಗೆಲುವಿನ ಬಾಗಿಲಲ್ಲಿದ್ದಾಗ ಬಾಗಿಲು ಮುಚ್ಚಿದವನು ಅವನೇ. ಭಾರತ ಗೆದ್ದದ್ದೂ ಆರೇ ರನ್‌ಗಳಿಂದ. ಸರಣಿಯಲ್ಲಿ ಅವನ ವಿಕೆಟ್ 23.

ಹೀಗಾಗಿ ಸಿರಾಜ್‌ನನ್ನು ಬಿಟ್ಟದ್ದು ಮನಸ್ಸಿಗೆ ನೋವು, ತಂಡಕ್ಕೆ ಸರಿ. ತಂಡ ಕಟ್ಟುವವರು ಮೊದಲು ಕೇಳಬೇಕಾದ ಪ್ರಶ್ನೆ 'ಯಾರು ದೊಡ್ಡವರು' ಎಂದಲ್ಲ, 'ನಮ್ಮಲ್ಲಿ ಯಾವ ಜಾಗ ಖಾಲಿ ಇದೆ' ಎಂದು. 2025ರ ನವೆಂಬರ್‌ನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೂ, ರವೀಂದ್ರ ಜಡೇಜಾ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೂ ಅದಲುಬದಲಾದದ್ದನ್ನು ಕೂಡ ಹೀಗೆಯೇ ನೋಡಬೇಕು. ಧೋನಿಯ ನಂತರ ಚೆನ್ನೈಗೆ ಒಬ್ಬ ಕೀಪರ್ ಬೇಕಿತ್ತು. ಅದಕ್ಕಾಗಿ ತಮ್ಮ ಮನೆಯ ಮಗನಂತಿದ್ದವನನ್ನೇ ಕೊಟ್ಟರು.

ಬೇಡವಾದವರು ಎಲ್ಲಿ ಹೋಗುತ್ತಾರೆ?

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್‌ಗೆ 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲಿ ಜಾಗವಿರಲಿಲ್ಲ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, ಒಟ್ಟು 779 ರನ್. ಅದೇ ಋತುವಿನಲ್ಲಿ ವಿದರ್ಭ ರಣಜಿ ಗೆದ್ದಿತು, ಫೈನಲ್‌ನಲ್ಲಿಯೂ ಕರುಣ್ ಶತಕ. ಮತ್ತೆ ಭಾರತ ತಂಡಕ್ಕೆ ಬಂದರು, ಆಮೇಲೆ ಕರ್ನಾಟಕಕ್ಕೂ ಮರಳಿದರು. ನಮ್ಮದೇ ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರ ಕತೆ ಇದಕ್ಕಿಂತ ಹಳೆಯದು. ವರ್ಷಗಟ್ಟಲೆ ರೈಲ್ವೇಸ್‌ಗೆ ಆಡಿ, ಅಲ್ಲಿ ರಣಜಿ ಗೆದ್ದು, ನಂತರ ಕರ್ನಾಟಕಕ್ಕೆ ಬಂದು ನಾಯಕರೂ ಆದರು.

ಕರುಣ್‌ಗೆ ವಿದರ್ಭ ಇತ್ತು, ಯರೇಗೌಡರಿಗೆ ರೈಲ್ವೇಸ್ ಇತ್ತು. ಭಾಲ್ಕಿಯ ಹದಿನೇಳು ವರ್ಷದ ಬೌಲರ್‌ಗೆ ಏನಿದೆ? ಅವನನ್ನು ಯಾರೂ ಕೈಬಿಟ್ಟಿಲ್ಲ ಎನ್ನಬಹುದು. ನಿಜ, ಕೈಬಿಡಬೇಕಾದರೆ ಮೊದಲು ಯಾರಾದರೂ ಅವನ ಕೈ ಹಿಡಿದಿರಬೇಕಲ್ಲ!

ನಮ್ಮ ಹೊಲದ ಪಿಚ್

ನಾನು ಔರಾದ್ ತಾಲ್ಲೂಕಿನವನು. ನಮ್ಮಲ್ಲಿ ಕ್ರಿಕೆಟ್ ಸೀಸನ್ ಶುರುವಾಗುವುದು ತೊಗರಿ ಕಟಾವಾದ ಮೇಲೆ. ಖಾಲಿ ಹೊಲವೇ ಸ್ಟೇಡಿಯಂ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಚೆಂಡು ಒಳಗೆ ಹೋದರೆ ಕೋಲು ಹಾಕಿ ತೆಗೆಯಬೇಕು. ಅಂಥ ನೆಲದಲ್ಲಿ ಚೆಂಡು ಪುಟಿಯುವುದಿಲ್ಲ, ಹಾಗಾಗಿ ನಮ್ಮ ಹುಡುಗರು ಚಿಕ್ಕಂದಿನಿಂದಲೇ ನೇರವಾಗಿ ಬ್ಯಾಟ್ಸ್‌ಮನ್‌ನ ಕಾಲಬುಡಕ್ಕೆ ಎಸೆಯುವುದನ್ನು ಕಲಿಯುತ್ತಾರೆ. ಟಿ20ಯ ಕೊನೆಯ ಓವರ್‌ಗಳಲ್ಲಿ ಕೋಟಿ ಕೊಟ್ಟು ಕೊಳ್ಳುವ ಯಾರ್ಕರ್ ಅದೇ ತಾನೇ? ನಮ್ಮಲ್ಲಿ ಅದು ಪುಕ್ಕಟೆ ಬೆಳೆಯುತ್ತದೆ, ಕೊಯ್ಯುವವರಿಲ್ಲ.

ಅಡ್ಡಿ ಇರುವುದು ಟೆನಿಸ್ ಚೆಂಡಿನಿಂದ ಲೆದರ್ ಚೆಂಡಿಗೆ ಹೋಗುವ ದಾರಿಯಲ್ಲಿ. ಬ್ಯಾಟು, ಪ್ಯಾಡು, ಗ್ಲೋವ್ಸ್, ಹೆಲ್ಮೆಟ್, ಸ್ಪೈಕ್ ಶೂ ಎಲ್ಲ ಕೂಡಿದರೆ ಒಂದು ಮನೆಯ ತಿಂಗಳ ಖರ್ಚನ್ನು ಮೀರುತ್ತದೆ. ಟರ್ಫ್ ಪಿಚ್ ನೋಡದೇ ಹುಡುಗ ದೊಡ್ಡವನಾಗುತ್ತಾನೆ. ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಬೀದರ್ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತದೆ. ಔರಾದ್‌ನಿಂದ ಬೀದರ್‌ಗೆ ಬಂದು, ಕಲಬುರಗಿ ದಾಟಿ ರಾಯಚೂರು ಮುಟ್ಟುವುದೆಂದರೆ ಒಂದು ದಿನದ ಕೆಲಸ. ಹೈದರಾಬಾದ್ ಅದರ ಅರ್ಧ ದೂರದಲ್ಲಿದೆ, ಆದರೆ ಅದು ಬೇರೆ ರಾಜ್ಯ.

ಇನ್ನೂ ಒಂದು ಮಾತು. 2022ರಿಂದ 2025ರವರೆಗೆ ಮಹಾರಾಜ ಟ್ರೋಫಿಯ ಪಂದ್ಯಗಳು ನಡೆದದ್ದು ಬೆಂಗಳೂರು ಮತ್ತು ಮೈಸೂರಿನಲ್ಲಿ ಮಾತ್ರ. ಗುಲ್ಬರ್ಗ ಎಂಬ ಹೆಸರಿನ ತಂಡ ಗುಲ್ಬರ್ಗದಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ರಾಯಚೂರಿನಲ್ಲಿ ಹುಟ್ಟಿದ ಮನೋಜ್ ಭಾಂಡಗೆ 2024ರ ಫೈನಲ್‌ನಲ್ಲಿ ಕೊನೆಯ ಓವರ್‌ಗಳಲ್ಲಿ ಬೀಸಿ ಹೊಡೆದು ತನ್ನ ತಂಡದ ಮೊತ್ತವನ್ನು 200 ದಾಟಿಸಿದಾಗ, ಅವನ ಎದೆಯ ಮೇಲಿದ್ದ ಹೆಸರು ಮೈಸೂರು. 2025ರಲ್ಲಿ ಕಪ್ ಗೆದ್ದ ಆರ್‌ಸಿಬಿ ಬಳಗದಲ್ಲಿಯೂ ಇದ್ದ ಹುಡುಗ ಅವನು. ನಮ್ಮ ಭಾಗದಲ್ಲಿ ಆಟಗಾರರಿಲ್ಲ ಎನ್ನುವವರಿಗೆ ಅವನ ಹೆಸರೊಂದೇ ಸಾಕು.

ಓದು ಮೊದಲೋ, ಆಟ ಮೊದಲೋ?

'ಇದೆಲ್ಲ ಸರಿ ಬೇಟಾ, ನೀಟ್‌ಗೆ ಎಷ್ಟು ದಿನ ಉಳಿದಿದೆ ಗೊತ್ತೇನು?' ಎಂದು ನಮ್ಮ ಸರ್‌ಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅಪ್ಪ ಅಮ್ಮ ಹೊಟ್ಟೆ ಕಟ್ಟಿ ಫೀಸು ತುಂಬಿದ್ದಾರೆ. ಪುಸ್ತಕ ಬಿಟ್ಟು ಬ್ಯಾಟು ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಸಾವಿರ ಜನ ಆಡಿದರೆ ಒಬ್ಬನಿಗೆ ರಾಜ್ಯ ತಂಡದ ಬಾಗಿಲು ತೆರೆದರೆ ಹೆಚ್ಚು ಎಂಬುದೂ ಗೊತ್ತು.

ಆದರೆ ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ಓದಿನ ಊರಿನಲ್ಲೇ ಮೈದಾನವೂ ಇದ್ದುದರಿಂದ ಅವರಿಗೆ ಎರಡೂ ಸಾಧ್ಯವಾಯಿತು. ಕ್ರಿಕೆಟ್‌ನಲ್ಲಿ 16 ವರ್ಷದೊಳಗಿನವರ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಆಯ್ಕೆ ನಡೆಯುವ ವಯಸ್ಸು ನಮ್ಮ ಪಿಯುಸಿಯ ವಯಸ್ಸೇ. ಬೆಂಗಳೂರಿನ ಹುಡುಗ ಕ್ಲಾಸ್ ಮುಗಿಸಿ ನೆಟ್ಸ್‌ಗೆ ಹೋಗುತ್ತಾನೆ. ನಮಗೆ ಅಸರ್ ಮತ್ತು ಮಗ್ರಿಬ್ ನಡುವಿನ ಒಂದು ಗಂಟೆ ಸಿಗುತ್ತದೆ, ಆ ಗಂಟೆಯಲ್ಲಿ ಇರುವುದು ಪ್ಲಾಸ್ಟಿಕ್ ಬ್ಯಾಟು.

ಹೆಣ್ಣುಮಕ್ಕಳ ಮಾತು ಬಿಟ್ಟರೆ ನಮ್ಮ ತಂಗಿಯರು ಬಿಡುವುದಿಲ್ಲ. ಆರ್‌ಸಿಬಿಗೆ ಮೊದಲ ಕಪ್ ತಂದದ್ದು ಗಂಡಸರಲ್ಲ, 2024ರಲ್ಲಿ ಮಹಿಳಾ ತಂಡ. ಆ ಸೀಸನ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವಳು ಕರ್ನಾಟಕದ ಶ್ರೇಯಾಂಕಾ ಪಾಟೀಲ್. ನಮ್ಮ ಜಿಲ್ಲೆಯಲ್ಲಿ ಹುಡುಗರಿಗೆ ಹೊಲವಾದರೂ ಇದೆ, ಹುಡುಗಿಯರಿಗೆ ಅದೂ ಇಲ್ಲ.

ನಾನು ಕೇಳುವುದು ಇಷ್ಟು

ತಂಡ ನಡೆಸುವವರಲ್ಲಿ ಮತ್ತು ಕ್ರಿಕೆಟ್ ಸಂಸ್ಥೆಯಲ್ಲಿ ಮೂರು ಬೇಡಿಕೆ. ಒಂದು, ವರ್ಷಕ್ಕೊಮ್ಮೆ ಬೀದರ್‌ನ ನೆಹರೂ ಕ್ರೀಡಾಂಗಣದಲ್ಲಿ ಆಯ್ಕೆ ಶಿಬಿರ ನಡೆಸಿ. ಟೆನಿಸ್ ಚೆಂಡಿನಲ್ಲಿ ಆಡಿದವರೂ ಬರಲಿ, ವೇಗ ಅಳೆಯಿರಿ, ಹತ್ತು ಜನರಿಗೆ ಲೆದರ್ ಚೆಂಡು ಕೊಟ್ಟು ಆರು ತಿಂಗಳು ಕಲಿಸಿ. ಎರಡು, ಈ ಭಾಗದ ಆಟಗಾರರು ಬೆಂಚಿನ ಮೇಲೆ ನೀರು ಹೊತ್ತು ಕೂರಲು ಅಲ್ಲ, ಆಡುವ ಹನ್ನೊಂದರಲ್ಲಿ ಕನಿಷ್ಠ ಇಬ್ಬರಿರಲಿ. ಮೂರು, ಕಲಬುರಗಿಯಲ್ಲಿ ಒಂದು ಪಂದ್ಯವಾಗಲಿ. ಅದಕ್ಕೆ ತಕ್ಕ ಮೈದಾನ ಬೇಕಾದರೆ ಮೈದಾನ ಆಗಲಿ.

ಸಂವಿಧಾನದ 371(ಜೆ) ನಮಗೆ ಸೀಟು ಮತ್ತು ನೌಕರಿಯಲ್ಲಿ ಪಾಲು ಕೊಟ್ಟಿದೆ. ಆ ಪ್ರಮಾಣಪತ್ರವನ್ನು ನಾವೆಲ್ಲ ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಹಿಂದುಳಿದದ್ದು ಬುದ್ಧಿಯಲ್ಲ, ಅವಕಾಶ ಎಂದು ಒಪ್ಪಿಕೊಂಡು ಕೊಟ್ಟ ಪಾಲು ಅದು. ಮೈದಾನಕ್ಕೂ ಅದೇ ಮಾತು ಅನ್ವಯಿಸುತ್ತದೆ. ಆದರೆ ಕ್ರಿಕೆಟ್‌ನಲ್ಲಿ ಮೀಸಲಾತಿ ಕೇಳುವ ಮನಸ್ಸು ನನಗಿಲ್ಲ. ವಿಕೆಟ್ ಬೀಳಿಸದವನಿಗೆ ಓವರ್ ಕೊಡಬೇಡಿ. ಬೀಳಿಸುತ್ತಾನೋ ಇಲ್ಲವೋ ನೋಡುವುದಕ್ಕಾದರೂ ಒಮ್ಮೆ ಚೆಂಡು ಕೊಡಿ.

ನಮ್ಮ ಕಾಲೇಜಿನ ಕ್ರೀಡಾ ವಿಭಾಗಕ್ಕೂ ಒಂದು ಮನವಿ: ಒಂದು ಮ್ಯಾಟ್, ಒಂದು ನೆಟ್, ಎರಡು ಡಜನ್ ಲೆದರ್ ಚೆಂಡು. ಪರೀಕ್ಷೆ ಮುಗಿದ ಮೇಲಾದರೂ ಸರಿ. ಉಳಿದವರಿಗೆ ಒಂದು ಮನೆಗೆಲಸ. ಮುಂದಿನ ಮಹಾರಾಜ ಟ್ರೋಫಿ ಹರಾಜಿನ ಪಟ್ಟಿ ಪತ್ರಿಕೆಯಲ್ಲಿ ಬಂದಾಗ ಯಾರಿಗೆ ಎಷ್ಟು ಲಕ್ಷ ಎಂಬುದನ್ನು ಆಮೇಲೆ ಓದಿ. ಮೊದಲು ಪೆನ್ನು ಹಿಡಿದು, ಗುಲ್ಬರ್ಗ ಮಿಸ್ಟಿಕ್ಸ್‌ನಲ್ಲಿ ನಮ್ಮ ಏಳು ಜಿಲ್ಲೆಗಳಲ್ಲಿ ಹುಟ್ಟಿದವರು ಎಷ್ಟು ಜನ ಎಂದು ಎಣಿಸಿ. ಆ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಬರೆಯೋಣ, ಪ್ರತಿ ವರ್ಷ ಬರೆಯೋಣ.