ಅಂಜೂರದ ಮರದ ಕುಲಗೋತ್ರ

ಆಹಾರವನ್ನು ಕುರಿತು ನಾವು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಮಠದ ಪಂಕ್ತಿಯಲ್ಲಿ ಬೆಳೆದ ನಮಗೆ ಬಡಿಸಿದ್ದನ್ನು ಮಾತಿಲ್ಲದೆ ಉಂಡೇಳುವುದೇ ರೂಢಿ. ಸಾರಿಗೆ ಉಪ್ಪು ಸಾಲದೆಂದು ಎಲೆಯ ಮುಂದೆ ಗೊಣಗಿದ ಬಾಲಕನಿಗೆ ಹಿರಿಯರ ಒಂದು ನೋಟವೇ ಸಾಕಾಗುತ್ತಿತ್ತು. ರುಚಿಯ ವಿಷಯವಾಗಿ ಗ್ರಂಥ ರಚಿಸುವುದೆಂದರೆ ನಾಲಗೆಯ ಚಾಪಲ್ಯಕ್ಕಾಗಿ ಮಸಿ ಕಾಗದಗಳನ್ನು ವ್ಯಯ ಮಾಡುವುದೆಂದೇ ಬಹುಕಾಲ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ಅಲುಗಿಸಿದವರು ಎಲಿಜಬೆತ್ ಡೇವಿಡ್ ಎಂಬ ಆಂಗ್ಲ ಲೇಖಕಿ.

1913ರಲ್ಲಿ ಅನುಕೂಲಸ್ಥ ಮನೆತನದಲ್ಲಿ ಜನಿಸಿದ ಅವರು ಹರೆಯದಲ್ಲಿ ಓದಿಗಾಗಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ತಂಗಿದ್ದ ಮನೆಯ ಊಟದ ಮೇಜಿನಲ್ಲಿ, ಅಡುಗೆಯೂ ಒಂದು ವಿದ್ಯೆಯೆಂಬುದು ಅವರಿಗೆ ಮೊದಲು ಗೋಚರಿಸಿತು. 1939ರ ಬೇಸಗೆಯಲ್ಲಿ ಸಂಗಾತಿಯೊಬ್ಬರೊಡನೆ ಚಿಕ್ಕ ದೋಣಿಯೊಂದನ್ನೇರಿ, ಫ್ರಾನ್ಸಿನ ಕಾಲುವೆಗಳ ಮಾರ್ಗವಾಗಿ ಮೆಡಿಟರೇನಿಯನ್ ಸಮುದ್ರದತ್ತ ಹೊರಟರು. ಉಣ್ಣುವುದು, ಓದುವುದು, ಊರಿಂದೂರಿಗೆ ಸಾಗುವುದು, ಕಂಡ ಅಡುಗೆಯನ್ನು ಬರೆದಿಟ್ಟುಕೊಳ್ಳುವುದು, ಇಷ್ಟೇ ಅವರ ಉದ್ಯೋಗ. ಯುದ್ಧ ಆರಂಭವಾದರೂ ಪಯಣ ನಿಲ್ಲಲಿಲ್ಲ. ಫ್ರಾನ್ಸಿನ ದಕ್ಷಿಣ ತೀರದ ಆಂಟೀಬ್ ಎಂಬಲ್ಲಿ ಚಳಿಗಾಲ ಕಳೆದು, 1940ರ ಜೂನಿನಲ್ಲಿ ಅವರು ಸಿಸಿಲಿಯನ್ನು ಮುಟ್ಟುವುದಕ್ಕೂ ಇಟಲಿ ಯುದ್ಧ ಸಾರುವುದಕ್ಕೂ ಸರಿಹೋಯಿತು. ಗೂಢಚಾರರೆಂಬ ಶಂಕೆಯ ಮೇಲೆ ಇಬ್ಬರನ್ನೂ ಬಂಧನದಲ್ಲಿಟ್ಟರು. ಕೆಲವು ದಿನಗಳ ತರುವಾಯ ಬಿಡುಗಡೆಯಾಯಿತಾದರೂ ದೋಣಿ ಹೋಯಿತು. ಅದರೊಡನೆ, ಬಹು ಶ್ರದ್ಧೆಯಿಂದ ಕೂಡಿಟ್ಟ ಪಾಕವಿಧಾನಗಳ ಟಿಪ್ಪಣಿಗಳೂ ಹೋದವು.

ಅಲ್ಲಿಂದ ಗ್ರೀಸ್ ದೇಶದ ಸೈರೋಸ್ ದ್ವೀಪ, 1941ರಲ್ಲಿ ಜರ್ಮನರು ಗ್ರೀಸಿನ ಮೇಲೆ ಬೀಳಲು ಕ್ರೀಟ್, ಕ್ರೀಟಿನಿಂದ ಈಜಿಪ್ತ. ಕೈರೋ ನಗರದಲ್ಲಿ ಬ್ರಿಟಿಷ್ ಸರಕಾರದ ವಾರ್ತಾ ಇಲಾಖೆಯ ಗ್ರಂಥಾಲಯವನ್ನು ನೋಡಿಕೊಳ್ಳುವ ಕೆಲಸ ದೊರೆಯಿತು. ಮನೆಯಲ್ಲಿ ಸೂಡಾನ್ ದೇಶದ ಅಡುಗೆಯಾತನು ಎರಡು ಪ್ರೈಮಸ್ ಸ್ಟೌಗಳ ಮೇಲೆ, ತಗಡಿನ ಡಬ್ಬಿಯಂತಹ ಒಂದು ಒಲೆಯನ್ನಿಟ್ಟು, ಅತಿಥಿಗಳನ್ನು ತೃಪ್ತಿಪಡಿಸುತ್ತಿದ್ದನಂತೆ. ಪಂಪು ಹೊಡೆದು ಸ್ಟೌ ಹಚ್ಚಿದ ನಮ್ಮ ಗೃಹಿಣಿಯರಿಗೆ ಆತನ ಸಾಮರ್ಥ್ಯವನ್ನು ವಿವರಿಸಬೇಕಿಲ್ಲ. ಮುಂದೆ ಸೈನ್ಯಾಧಿಕಾರಿಯೊಬ್ಬರನ್ನು ವರಿಸಿ, 1946ರಲ್ಲಿ ದಿಲ್ಲಿಗೂ ಬಂದರು. ಇಲ್ಲಿ ಆರೋಗ್ಯ ಒಗ್ಗಲಿಲ್ಲ. ಅದೇ ವರ್ಷ ಇಂಗ್ಲೆಂಡಿಗೆ ಮರಳಿದರು.

ಯುದ್ಧ ಗೆದ್ದ ದೇಶದಲ್ಲಿ ಸಮೃದ್ಧಿ ಇರಬೇಕಷ್ಟೆ? ಯುದ್ಧಕಾಲದಲ್ಲಿಯೂ ಇಲ್ಲದಿದ್ದ ಬ್ರೆಡ್ಡಿನ ಪಡಿತರವು ಅಲ್ಲಿ 1946ರ ಜುಲೈಯಲ್ಲಿ ಜಾರಿಗೆ ಬಂದಿತ್ತು. 1947ರ ಆರಂಭದ ಚಳಿಗಾಲವು ಆ ದೇಶ ಕಂಡ ಅತಿ ಕಠೋರ ಚಳಿಗಾಲಗಳಲ್ಲೊಂದು. ಆಗ ವೈ ನದಿಯ ಮೇಲಿನ ರಾಸ್ ಎಂಬ ಊರಿನ ಹೋಟೆಲೊಂದರಲ್ಲಿ ಅವರ ವಾಸ. ಹಿಟ್ಟು ನೀರು ಕದಡಿ ಮೆಣಸು ಉದುರಿಸಿದ ಸಾರು, ಒಣಗಿಸಿ ಡಬ್ಬಿಗೆ ತುಂಬಿದ ಈರುಳ್ಳಿ ಗಜ್ಜರಿ, ಇಂಥವೇ ಅಲ್ಲಿಯ ಭೋಜನ. ಅದನ್ನು ಮುಂದಿಟ್ಟುಕೊಂಡು ಕೋಪದಿಂದಲೂ ಬಿಸಿಲಿನ ಹಂಬಲದಿಂದಲೂ ಅವರು ಕಾಗದ ತೆಗೆದುಕೊಂಡರು. ಏಪ್ರಿಕಾಟ್, ಆಲಿವ್, ನಿಂಬೆ, ಅಕ್ಕಿ, ಬಾದಾಮಿ ಎಂಬ ಪದಗಳನ್ನು ಬರೆಯುವುದರಿಂದಲೇ ತಮಗೆ ಸಮಾಧಾನ ದೊರೆಯುತ್ತಿತ್ತೆಂದು ಮುಂದೊಮ್ಮೆ ಹೇಳಿಕೊಂಡಿದ್ದಾರೆ.

ನಮ್ಮ ಪೂರ್ವಗ್ರಹ ಸಡಿಲಾದದ್ದು ಈ ಪ್ರಸಂಗವನ್ನು ಓದಿದಾಗ. 1972ರ ಬರದಲ್ಲಿ ನಮ್ಮ ಸೀಮೆಯ ಮುದುಕಿಯರು ಬರಿದಾದ ಗಡಿಗೆಗಳ ಮುಂದೆ ಕುಳಿತು, ಹಿಂದಿನ ಸುಗ್ಗಿಯ ಹೋಳಿಗೆ ತುಪ್ಪವನ್ನು ವರ್ಣಿಸುತ್ತಿದ್ದುದನ್ನು ನಾವು ಬಾಲಕರಾಗಿ ಕೇಳಿದ್ದೇವೆ. ಅದನ್ನು ಚಾಪಲ್ಯವೆನ್ನಲು ನಮ್ಮ ನಾಲಗೆ ಏಳದು. ಹೊಟ್ಟೆ ತುಂಬಿದವನ ವರ್ಣನೆಯಲ್ಲಿ ಉತ್ಪ್ರೇಕ್ಷೆಯಿರುತ್ತದೆ. ಹಸಿದವನು ಹಿಡಿ ಉಪ್ಪಿನ ಲೆಕ್ಕವನ್ನೂ ಮರೆತಿರುವುದಿಲ್ಲ. ಡೇವಿಡ್ ಅವರ ಬರಹದ ಖಚಿತತೆಗೆ ಇದೇ ಮೂಲವೆಂದು ನಮ್ಮ ಅಭಿಪ್ರಾಯ.

ಹೀಗೆ ಹುಟ್ಟಿದ ಟಿಪ್ಪಣಿಗಳೇ 1950ರಲ್ಲಿ ಮೆಡಿಟರೇನಿಯನ್ ಅಡುಗೆಯ ಪುಸ್ತಕವಾಗಿ ಪ್ರಕಟಗೊಂಡವು. ಅದರಲ್ಲಿ ಹೇಳಿದ ಸಾಮಗ್ರಿಗಳಲ್ಲಿ ಅನೇಕವು ಆಗಿನ ಇಂಗ್ಲೆಂಡಿನ ಪೇಟೆಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆಲಿವ್ ಎಣ್ಣೆ ಬೇಕಾದವರು ಔಷಧದ ಅಂಗಡಿಗೆ ಹೋಗಿ, ಕಿವಿಗೆ ಬಿಡುವ ಪುಟ್ಟ ಶೀಶೆಯನ್ನು ಕೊಳ್ಳಬೇಕಿತ್ತು. ಆದರೂ ಜನ ಓದಿದರು. ಪಡಿತರದ ಕೊನೆಯ ಕಟ್ಟು ಸಡಿಲಾದದ್ದು 1954ರ ಜುಲೈಯಲ್ಲಿ. ಆ ಪುಟಗಳಲ್ಲಿ ಮದ್ಯ ಮಾಂಸಗಳ ಪ್ರಸ್ತಾಪ ಹೇರಳವೆಂಬುದನ್ನು ಮುಚ್ಚಿಡಲಾರೆವು. ನಾವು ಅವನ್ನೂ ಓದಿಯೇ ಮುಂದುವರಿದೆವು. ಓದಿದ ಮಾತ್ರಕ್ಕೆ ನಾಲಗೆ ಮೈಲಿಗೆಯಾಗದು.

1951ರ ಬೇಸಗೆಯನ್ನು ಅವರು ಇಟಲಿಯ ಕಾಪ್ರಿ ದ್ವೀಪದಲ್ಲಿ ಕಳೆದರು. ಆಂಟೀಬಿನಲ್ಲಿ ಪರಿಚಿತರಾಗಿದ್ದ ನಾರ್ಮನ್ ಡಗ್ಲಾಸ್ ಎಂಬ ಲೇಖಕರು ಎಂಬತ್ತು ದಾಟಿದ ವಯಸ್ಸಿನಲ್ಲಿ ಅಲ್ಲಿದ್ದರು. ಈ ಡಗ್ಲಾಸರ ಖಾಸಗಿ ನಡತೆ ಅತ್ಯಂತ ನಿಂದ್ಯವಾದುದು; ಅವರ ಪಾಂಡಿತ್ಯ ಅದಕ್ಕೆ ತೆರೆಯಾಗಲಾರದು. ಆದರೆ ಅವರಿಂದ ಡೇವಿಡ್ ಕಲಿತ ಪಾಠವೊಂದು ಮನನಾರ್ಹವಾಗಿದೆ. ಒಮ್ಮೆ ಡೇವಿಡ್ ಪೇಟೆಯಿಂದ ಒಂದು ಬುಟ್ಟಿ ಅಂಜೂರ ಕೊಂಡೊಯ್ದರು. ಯಾವ ಅಂಗಡಿಯದೆಂದು ವೃದ್ಧರು ಕೇಳಿದರು. ಮೆಟ್ಟಿಲ ಬಳಿಯದೆಂದಾಗ, ಪರವಾಗಿಲ್ಲವೆಂದು ಹೇಳಿ, ಕೆಲವು ದಿನ ತಡೆದು ಇನ್ನೊಬ್ಬ ಹೆಂಗಸಿನಲ್ಲಿ ಕೊಂಡರೆ ಇನ್ನೂ ಸಿಹಿಯಾಗಿರುವುದೆಂದು ಸೂಚಿಸಿದರು. ಆ ಹಣ್ಣು ಯಾವ ತೋಟದ್ದು, ಮರಗಳ ವಯಸ್ಸೆಷ್ಟು, ಮಣ್ಣು ಎಂತಹುದು, ಆ ಜಮೀನು ಎಷ್ಟು ಕೈ ಬದಲಾಯಿಸಿತು, ಅದರ ಒಡೆಯರು ಯಾವ ಯಾವ ವ್ಯಾಜ್ಯಗಳಲ್ಲಿ ಸಿಲುಕಿದ್ದರು ಎಂಬುದೆಲ್ಲ ಅವರಿಗೆ ತಿಳಿದಿತ್ತು. ಸಂಬಂಧ ಬೆಳೆಸುವಾಗ ಮನೆತನದ ಪೂರ್ವಾಪರವನ್ನು ಅಷ್ಟು ವಿಚಾರಿಸುವ ನಾವು, ದಿನವೂ ಉಣ್ಣುವ ಬೇಳೆ ಯಾವ ನೆಲದ್ದೆಂದು ಒಮ್ಮೆಯಾದರೂ ಕೇಳಿದ್ದುಂಟೆ?

1955ರಲ್ಲಿ ಬಂದ ಬೇಸಗೆಯ ಅಡುಗೆಯ ಪುಸ್ತಕದಲ್ಲಿ ಈ ಪಾಠವೇ ಬೇರೊಂದು ರೂಪ ತಾಳಿದೆ. ಆಯಾ ಋತುವಿನ ಕಾಯಿಪಲ್ಯವನ್ನು ಆಯಾ ಋತುವಿನಲ್ಲಿಯೇ ಉಣ್ಣಬೇಕು, ವರ್ಷಕ್ಕೊಮ್ಮೆ ಮರಳಿ ಕಾಣುವುದರಲ್ಲಿಯೇ ಅದರ ಸೊಗಸಿದೆ ಎಂಬುದು ಅವರ ವಾದ. ಹಿಮಪೆಟ್ಟಿಗೆಯ ಬಟಾಣಿಯನ್ನು ವರ್ಷವಿಡೀ ಉಣ್ಣುವವರ ಬಗೆಗೆ ಅವರಿಗೆ ಸಹನೆಯಿರಲಿಲ್ಲ.

1963ರಲ್ಲಿ, ನಲವತ್ತೊಂಬತ್ತರ ವಯಸ್ಸಿನಲ್ಲಿ, ಅವರಿಗೆ ಮಿದುಳಿನ ರಕ್ತಸ್ರಾವವಾಯಿತು. ಪ್ರಾಣ ಉಳಿಯಿತು, ಕೆಲಕಾಲ ರುಚಿ ತಿಳಿಯುವ ಶಕ್ತಿ ಕುಂದಿತು. ರುಚಿಯನ್ನೇ ನೆಚ್ಚಿ ಬಾಳಿದವರಿಗೆ ಇದು ಎಂತಹ ಆಘಾತವೆಂಬುದನ್ನು ಊಹಿಸಬಹುದು. ಕ್ರಮೇಣ ಅವರು ಪಯಣಕ್ಕಿಂತ ಹೆಚ್ಚಾಗಿ ಹಳೆಯ ಗ್ರಂಥಗಳತ್ತ ತಿರುಗಿದರು. ಗೋಧಿ, ಗಿರಣಿ, ಹುದುಗು ಇವುಗಳ ಚರಿತ್ರೆಯನ್ನೆಲ್ಲ ಶೋಧಿಸಿ, ಇಂಗ್ಲೆಂಡಿನ ಬ್ರೆಡ್ಡನ್ನು ಕುರಿತ ಬೃಹತ್ ಗ್ರಂಥವನ್ನು 1977ರಲ್ಲಿ ಹೊರತಂದರು. 1992ರಲ್ಲಿ ತೀರಿಕೊಂಡಾಗ ಇನ್ನೊಂದು ಕೃತಿ ಅಪೂರ್ಣವಾಗಿತ್ತು. ಅದು 1994ರಲ್ಲಿ ಅಚ್ಚಾಯಿತು. ಚಳಿಗಾಲದ ಹಿಮವನ್ನು ಹಿಂದಿನವರು ಹೊಂಡಗಳಲ್ಲಿ ಕಾಪಿಟ್ಟು ಬೇಸಗೆಯವರೆಗೆ ಉಳಿಸಿಕೊಳ್ಳುತ್ತಿದ್ದ ಬಗೆಯೂ ಅದರ ವಸ್ತುಗಳಲ್ಲೊಂದು.