ಕೃಷ್ಣೆಯ ದಡದಲ್ಲಿ ಬಾಡಿಗೆ ಮನೆ: ಬಾಯಿಮಾತು ಸಾಕೆ?

ನಾರಾಯಣಪೇಟೆ: ಹೊಸ ಜಿಲ್ಲೆ ಬಂತು, ಕಚೇರಿಗಳು ಬಂದವು, ನೌಕರರೂ ಬಂದರು. ಅವರು ಇರೋದೆಲ್ಲಿ? 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. 2024ರಲ್ಲಿ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಒಂದು ಕೋಣೆ, ಒಂದು ಅಡುಗೆಮನೆಯ ಸಿಂಗಲ್ ಬೆಡ್‌ರೂಂ ಪೋರ್ಷನ್ ಹುಡುಕುವವರು ಈಗ ಹೆಚ್ಚು.

ಮಕ್ತಲ್ ದಾಟಿ ರಾಯಚೂರು ರಸ್ತೆ ಹಿಡಿದರೆ ಕೃಷ್ಣಾ ಮಂಡಲ. ಸೇತುವೆ ದಾಟಿದರೆ ಕರ್ನಾಟಕದ ದೇವಸೂಗೂರು, ಶಕ್ತಿನಗರ, ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರ. ದಡ ಎರಡು, ರಾಜ್ಯ ಎರಡು. ಆದರೆ ಕಿರಾಯಿ ಮಾತ್ರ ಎರಡೂ ಕಡೆ ಬಹುಪಾಲು ಬಾಯಿಮಾತಿನ ಮೇಲೆ ನಡೆಯುತ್ತದೆ. "ನಮ್ಮವರೇ ಅಲ್ಲವೇನ್ರಿ, ಕಾಗದ ಯಾಕೆ?" ಎನ್ನುತ್ತಾರೆ ಮಾಲೀಕರು. ಬಾಡಿಗೆದಾರರೂ ತಲೆ ಆಡಿಸುತ್ತಾರೆ.

ಕಾಯ್ದೆ ಇದೆ, ಆದರೆ ಯಾರಿಗೆ?

ತೆಲಂಗಾಣದಲ್ಲಿ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಇದೆ. ಆದರೆ 2005ರ ತಿದ್ದುಪಡಿಯ ಪ್ರಕಾರ ಮಹಾನಗರ ಪಾಲಿಕೆಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಪಟ್ಟಣಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಅದು ಅನ್ವಯಿಸದು. ಆಚೆ ದಡದಲ್ಲೂ ಅದೇ ಕಥೆ. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯಲ್ಲೂ ಇರುವುದು ಇದೇ 3,500 ಮತ್ತು 2,000ದ ಮಿತಿ. ಇಂದು ಎರಡು ಸಾವಿರದೊಳಗೆ ಒಂದು ಬೆಡ್‌ರೂಂ ಮನೆ ಎಲ್ಲಿ ಸಿಗುತ್ತದೆ, ನೀವೇ ಹೇಳಿ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು, ಲಿಖಿತ ಕರಾರು ಇರಲೇಬೇಕು ಎಂಬುದು ಅದರ ಸಾರ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯ್ದೆ ಮಾಡಿದರಷ್ಟೇ ಜಾರಿ.

ಹಾಗಾದರೆ ಉಳಿದಿದ್ದೇನು? ಬ್ರಿಟಿಷರ ಕಾಲದ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಅದರ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರ 15 ದಿನದಲ್ಲಿ ಎಲ್ಲಿಗೆ ಹೋಗಬೇಕು?

ನೀರು ಬಂದರೆ?

ನದಿ ಹತ್ತಿರ ಮನೆ ಹಿಡಿಯುವವರಿಗೆ ಇನ್ನೊಂದು ಚಿಂತೆ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಗದ್ವಾಲ ಸೀಮೆಯ ನೇಕಾರರ ಊರು ರಾಜೋಳಿ ಮುಳುಗಿತು, ಕರ್ನೂಲು ಪಟ್ಟಣವೂ ಮುಳುಗಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯೂ ದಡ ಮೀರಿದಳು. ಇಂಥ ಹೊತ್ತಿನಲ್ಲಿ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ ಎಲ್ಲವೂ ಮಾಲೀಕರ ಹೆಸರಿನಲ್ಲಿ. ಮಂಚ, ಫ್ರಿಜ್, ಅಕ್ಕಿ ಮೂಟೆ ಕಳಕೊಂಡ ಬಾಡಿಗೆದಾರ ತಾನು ಅಲ್ಲೇ ಇದ್ದೆ ಎಂದು ತೋರಿಸುವುದು ಯಾವುದರಿಂದ?

ಅದೇ ಹಳೆಯ ಕಾಯ್ದೆಯ 108ನೇ ಕಲಂ ಇಲ್ಲಿ ಸ್ವಲ್ಪ ಆಸರೆ ಕೊಡುತ್ತದೆ. ಸಹಜವಾಗಿ ಕಣ್ಣಿಗೆ ಬೀಳದ ದೊಡ್ಡ ದೋಷ ಮನೆಯಲ್ಲಿದ್ದರೆ ಮಾಲೀಕರು ಮೊದಲೇ ತಿಳಿಸಬೇಕು. ಬೆಂಕಿ, ಬಿರುಗಾಳಿ, ನೆರೆಯಿಂದ ಮನೆಯ ಮುಖ್ಯ ಭಾಗ ಕಾಯಂ ಆಗಿ ವಾಸಕ್ಕೆ ಬಾರದಂತಾದರೆ ಬಾಡಿಗೆದಾರ ಕರಾರು ಬಿಟ್ಟು ಹೊರಬರಬಹುದು. ಆದರೆ ನಾಲ್ಕು ದಿನ ನೀರು ನಿಂತು ಇಳಿದು ಹೋದರೆ? ಆ ದಿನಗಳ ಬಾಡಿಗೆ ಯಾರದು, ಗೋಡೆ ರಿಪೇರಿ ಯಾರದು? ಅಲ್ಲೇ ಜಗಳ ಹುಟ್ಟುವುದು.

ಐದು ಸಾಲು ಬರೆದುಕೊಳ್ಳಿ

ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಬೇಕು. ಅದಕ್ಕೇ ಎಲ್ಲೆಡೆ 11 ತಿಂಗಳ ಕರಾರು ರೂಢಿ. ಛಾಪಾ ಕಾಗದದ ಮೇಲೆ ಐದು ಮಾತು ಇರಲಿ: ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ಮನೆ ಬಿಡಲು ಎಷ್ಟು ತಿಂಗಳ ಮುನ್ಸೂಚನೆ, ರಿಪೇರಿ ಯಾರದು, ನೀರು ನುಗ್ಗಿದರೆ ಬಾಡಿಗೆಯ ಗತಿ ಏನು. ಬಾಡಿಗೆ ನಗದು ಕೊಟ್ಟರೆ ರಸೀದಿ ಕೇಳಿ, ಇಲ್ಲವೇ ಫೋನ್ ಮೂಲಕ ಹಾಕಿ. ಅದೇ ದಾಖಲೆ. ಮನೆ ನೋಡಲು ಹೋದಾಗ ಅಕ್ಕಪಕ್ಕದವರನ್ನು "2009ರಲ್ಲಿ, 2019ರಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಎಂದು ಕೇಳುವುದನ್ನು ಮರೆಯಬೇಡಿ.

ಕಾಗದ ಮಾಡಿದರೆ ಮನೆ ಕೈಬಿಡುತ್ತದೆ ಎಂಬ ಭಯ ಮಾಲೀಕರಿಗೆ ಬೇಡ. ಬಾಡಿಗೆದಾರನೆಂದು ಸಹಿ ಹಾಕಿ ಒಳಗೆ ಬಂದವನು ಅಲ್ಲಿರುವಷ್ಟು ಕಾಲ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಕಾಗದ ಇಬ್ಬರಿಗೂ ಕಾವಲು.

ಎರಡು ಸಾವಿರದ ಹಳೆಯ ಮಿತಿಯನ್ನು ಎರಡೂ ಸರ್ಕಾರಗಳು ಬದಲಿಸಬೇಕು. ಅದು ಆಗುವ ತನಕ ನಂಬಿಕೆಯೂ ಇರಲಿ, ಸಹಿಯೂ ಇರಲಿ. ನದಿ ಬಾಯಿಮಾತು ಕೇಳುವುದಿಲ್ಲ.